ದವಡೆ ಕೀಲಿನ ನೋವು: ಕಾರಣ ಹುಡುಕಿದವರ ಕಥೆ

ಕಿವಿನೋವೆಂದು ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಹೋಗಿ, ‘ಕಿವಿ ಚೆನ್ನಾಗಿದೆ’ ಎಂದು ಹೇಳಿಸಿಕೊಂಡು, ನೋವನ್ನು ಮಾತ್ರ ಹಾಗೇ ಹೊತ್ತುಕೊಂಡು ಮನೆಗೆ ಬಂದವರು ಬಹಳ ಮಂದಿ. ಅಲ್ಲಿಂದ ಅವರು ಹಲ್ಲಿನ ಆಸ್ಪತ್ರೆಗೆ ಹೋಗುತ್ತಾರೆ. ಎಕ್ಸ್‌ರೇಯಲ್ಲಿ ಹುಳುಕು ಕಾಣುವುದಿಲ್ಲ. ಕಣತಲೆ ಸಿಡಿಯುತ್ತದೆಂದು ನರರೋಗ ತಜ್ಞರನ್ನು, ಕತ್ತು ಬಿಗಿಯುತ್ತದೆಂದು ಮೂಳೆ ಡಾಕ್ಟರನ್ನು ಕಾಣುತ್ತಾರೆ. ಕಡೆಗೊಮ್ಮೆ ಯಾರೋ ಒಬ್ಬರು ಎರಡೂ ಕಿವಿಗಳ ಮುಂದೆ ಬೆರಳಿಟ್ಟು ‘ಬಾಯಿ ದೊಡ್ಡದಾಗಿ ತೆಗೀರಿ, ಈಗ ಮುಚ್ಚಿ’ ಎನ್ನುತ್ತಾರೆ. ಬೆರಳಡಿ ‘ಕಟಕ್’ ಎನ್ನುತ್ತದೆ. ಕೆನ್ನೆಯ ಸ್ನಾಯುವನ್ನು ಅಮುಕಿದರೆ ‘ಹಾಂ, ಇದೇ ನೋವು’ ಎಂದು ರೋಗಿಯೇ ಹೇಳುತ್ತಾರೆ. ದವಡೆ ಕೀಲಿನ ತೊಂದರೆ ಪತ್ತೆಯಾಗುವುದು ಹೆಚ್ಚಾಗಿ ಹೀಗೆ, ತಡವಾಗಿ.

ಈ ಅಲೆದಾಟಕ್ಕೆ ಯಾರೋ ಒಬ್ಬ ಡಾಕ್ಟರ ಅಸಡ್ಡೆಯನ್ನು ದೂರಿ ಫಲವಿಲ್ಲ. ಈ ಕೀಲು ವೈದ್ಯಶಾಸ್ತ್ರದ ಯಾವ ವಿಭಾಗದ ಪಾಲಿಗೂ ಪೂರ್ತಿಯಾಗಿ ಬಂದಿಲ್ಲ. ಕೀಲು ಎಂದರೆ ಮೂಳೆ ವೈದ್ಯರದ್ದು, ಆದರೆ ಅವರು ಬಾಯಿಯ ಕಡೆ ಬರುವುದಿಲ್ಲ. ಬಾಯಿ ಹಲ್ಲಿನ ವೈದ್ಯರದ್ದು, ಆದರೆ ನೋವು ಕಿವಿ, ಕಪಾಲ, ಕತ್ತಿಗೆಲ್ಲ ಹರಡುತ್ತದೆ. ಕಳೆದ ಸುಮಾರು 140 ವರ್ಷಗಳಲ್ಲಿ ಇದನ್ನು ಕೈಗೆತ್ತಿಕೊಂಡ ಒಬ್ಬೊಬ್ಬರೂ ತಮ್ಮ ಕೈಯಿಂದ ಸರಿಪಡಿಸಬಲ್ಲದ್ದನ್ನೇ ಕಾರಣವೆಂದು ನಂಬಿದರು. ಹಲ್ಲು ತಿದ್ದುವವರಿಗೆ ಹಲ್ಲುಗಳ ಕೂಡಿಕೆ ತಪ್ಪಾಗಿ ಕಂಡಿತು, ಶಸ್ತ್ರವೈದ್ಯರಿಗೆ ಕೀಲಿನೊಳಗಿನ ಜಾರಿದ ಬಿಲ್ಲೆ ಕಂಡಿತು. ಆ ನಂಬಿಕೆಗಳಿಗೆ ಬೆಲೆ ತೆತ್ತವರು ರೋಗಿಗಳು. ಆದ್ದರಿಂದ ಈ ಕ್ಷೇತ್ರ ಬೆಳೆದು ಬಂದ ದಾರಿಯನ್ನು ತಿಳಿದುಕೊಳ್ಳುವುದು ಇವತ್ತು ನೋವಿನಲ್ಲಿರುವವರಿಗೂ ಬೇಕಾದ ವಿಷಯ.

ಮೊದಲು ಕೀಲನ್ನೇ ನೋಡೋಣ. ಕೆಳದವಡೆ ಒಂದೇ ಮೂಳೆ. ಅದರ ಎರಡು ತುದಿಗಳು ಎರಡು ಕಿವಿಗಳ ಮುಂದೆ ತಲೆಬುರುಡೆಯ ಗುಳಿಗಳಲ್ಲಿ ಕೂತಿವೆ. ಹೀಗಾಗಿ ಒಂದು ಕಡೆಯ ಕೀಲು ಅಲ್ಲಾಡಿದರೆ ಇನ್ನೊಂದೂ ಅಲ್ಲಾಡಲೇಬೇಕು. ಎಡಗಡೆ ನೋವೆಂದು ಬಲಗಡೆ ಅಗಿದರೂ ಎಡಗಡೆಗೆ ವಿಶ್ರಾಂತಿ ಸಿಗುವುದಿಲ್ಲ. ಬಾಗಿಲ ತಿರುಗಣೆಯಂತೆ ಇದು ಬರೀ ತಿರುಗುವ ಕೀಲೂ ಅಲ್ಲ. ಬಾಯಿ ಮೊದಲ 20-25 ಮಿಲಿಮೀಟರ್ ತೆರೆಯುವಾಗ ದವಡೆಯ ಗುಂಡುತುದಿ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಇಡೀ ತುದಿ ಗುಳಿಯಿಂದ ಮುಂದಕ್ಕೆ, ಕೆಳಕ್ಕೆ ಜಾರುತ್ತದೆ. ಆ ಜಾರುವಿಕೆ ಇದ್ದರಷ್ಟೇ ಬಾಯಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯಲು ಸಾಧ್ಯ. ಮೂಳೆ ಮೂಳೆಗೆ ಉಜ್ಜದಂತೆ ಇವೆರಡರ ನಡುವೆ ಒಂದು ಪುಟ್ಟ ಬಿಲ್ಲೆ ಇದೆ: ನಡುವೆ ತೆಳ್ಳಗೆ, ಅಂಚುಗಳಲ್ಲಿ ದಪ್ಪ. ಅದರ ನಡುಭಾಗದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದರ ಹಿಂದಿರುವ ಮೆತ್ತನೆಯ ಅಂಗಾಂಶದಲ್ಲಿ ಮಾತ್ರ ಎರಡೂ ತುಂಬಿಕೊಂಡಿವೆ.

ಈ ಬಿಲ್ಲೆ ಕೆಲವರಲ್ಲಿ ಮುಂದಕ್ಕೆ ಜಾರಿಕೊಂಡಿರುತ್ತದೆ. ಬಾಯಿ ತೆರೆಯುವಾಗ ಗುಂಡುತುದಿ ಬಿಲ್ಲೆಯ ಹಿಂದಿನ ದಪ್ಪ ಅಂಚನ್ನು ಹತ್ತಿ ಒಳಗೆ ಕೂರುವ ಸದ್ದೇ ಆ ‘ಕಟಕ್’. ಬಾಯಿ ಮುಚ್ಚುವಾಗ ಬಿಲ್ಲೆ ಮತ್ತೆ ಜಾರುತ್ತದೆ. ಕೆಲವೊಮ್ಮೆ ಗುಂಡುತುದಿ ಆ ಅಂಚನ್ನು ದಾಟಲಾಗದೆ ನಿಂತುಬಿಡುತ್ತದೆ. ಆಗ ಸದ್ದು ನಿಲ್ಲುತ್ತದೆ, ಜೊತೆಗೆ ಬಾಯಿಯೂ ತೆರೆಯುವುದಿಲ್ಲ. ನಿನ್ನೆಯವರೆಗೆ ಸದ್ದು ಮಾಡುತ್ತಿದ್ದ ದವಡೆ ಒಂದು ಬೆಳಿಗ್ಗೆ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯದೆ ಹೋದರೆ, ಆಗಿರುವುದು ಹೆಚ್ಚಾಗಿ ಇದೇ.

ಹಳೆಯ ಕೈಗಳು

ಜಾರಿದ ದವಡೆಯನ್ನು ಕೂರಿಸುವ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ 1600ರ ಸುಮಾರಿನದೆನ್ನುವ, ಈಗ ಎಡ್ವಿನ್ ಸ್ಮಿತ್ ಹೆಸರಿನಲ್ಲಿ ಕರೆಯುವ ಈಜಿಪ್ಟಿನ ಪಪೈರಸ್ ಸುರುಳಿಯಲ್ಲಿ ಅದರ ವಿವರವಿದೆ: ಹೆಬ್ಬೆರಳುಗಳನ್ನು ಬಾಯೊಳಗೆ ದವಡೆಯ ಮೇಲಿಟ್ಟು, ಉಳಿದ ಬೆರಳುಗಳಿಂದ ಗದ್ದ ಹಿಡಿದು ಹಿಂದಕ್ಕೆ ಕೂರಿಸಬೇಕು. ಆಕಳಿಸುವಾಗ ದವಡೆ ಜಾರಿ ಬಾಯಿ ತೆರೆದೇ ಉಳಿದವರನ್ನು ಇವತ್ತಿನ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕೂರಿಸಿಕೊಂಡು ವೈದ್ಯರು ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ಸುಶ್ರುತ ಸಂಹಿತೆಯಲ್ಲಿ ಕಳಚಿದ ದವಡೆಗೆ ಶಾಖ ಕೊಟ್ಟು, ಸ್ಥಾನಕ್ಕೆ ತಂದು, ಪಂಚಾಂಗಿ ಎಂಬ ಪಟ್ಟಿ ಕಟ್ಟುವ ಕ್ರಮವಿದೆ. ವಾಗ್ಭಟನಂತೂ ಕಾರಣಗಳನ್ನೂ ಎಣಿಸಿದ್ದಾನೆ: ನಾಲಿಗೆಯನ್ನು ಅತಿಯಾಗಿ ಉಜ್ಜುವುದು, ಒಣಗಿದ ಗಟ್ಟಿ ಪದಾರ್ಥ ತಿನ್ನುವುದು, ಪೆಟ್ಟು ಬೀಳುವುದು. ಇವುಗಳಿಂದ ದವಡೆಯ ಬುಡದ ವಾತ ಕೆರಳಿ ಬಾಯಿ ತೆರೆದೇ ಉಳಿಯಬಹುದು, ಇಲ್ಲವೇ ಮುಚ್ಚಿಯೇ ಉಳಿಯಬಹುದು. ಅಗಿಯುವುದೂ ಮಾತಾಡುವುದೂ ಕಷ್ಟವಾಗುತ್ತದೆ ಎನ್ನುತ್ತಾನೆ. ವಾತದ ವಿವರಣೆ ಹಾಗಿರಲಿ, ಬಾಯಿ ಅತಿಯಾಗಿ ತೆರೆಯುವುದು (ನಾಲಿಗೆ ಉಜ್ಜುವಾಗ ಆಗುವುದು ಅದೇ), ಗಟ್ಟಿ ಅಗಿತ, ಪೆಟ್ಟು ಈ ಮೂರನ್ನೂ ಇಂದಿನ ವೈದ್ಯರು ಮೊದಲ ಭೇಟಿಯಲ್ಲೇ ವಿಚಾರಿಸುತ್ತಾರೆ.

ಜಾರಿದ ದವಡೆ ಕಣ್ಣಿಗೆ ಕಾಣುತ್ತದೆ. ಕಾಣದ ನೋವಿಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. 1887ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಆನಂಡೇಲ್ ಇಬ್ಬರು ಮಹಿಳೆಯರ ದವಡೆ ಕೀಲನ್ನು ತೆರೆದು, ಸ್ಥಾನ ತಪ್ಪಿದ್ದ ಬಿಲ್ಲೆಗೆ ಹೊಲಿಗೆ ಹಾಕಿ ಹಿಂದಕ್ಕೆ ಕೂರಿಸಿದ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಕೀಲಿನ ಒಳಗೇ ಏನೋ ಕೆಟ್ಟಿರಬಹುದು ಎಂಬ ಯೋಚನೆ ಅಲ್ಲಿ ಸ್ಪಷ್ಟವಾಗಿದೆ. ಆದರೆ ಆ ಯೋಚನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಚ್ಚೇನೂ ಬೆಳೆಯದೆ ಉಳಿಯಿತು. ಅಷ್ಟರೊಳಗೆ ಹಲ್ಲು ಮುಂದೆ ಬಂತು.

ಹಲ್ಲೇ ಕಾರಣ ಎಂದ ಕಾಲ

1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್ 11 ರೋಗಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಅವರಿಗೆ ಕಿವಿ ನೋವು, ಕಿವಿ ಕಟ್ಟಿದಂತಾಗುವುದು, ಕಿವಿಯಲ್ಲಿ ಗುಂಯ್‌ಗುಡುವುದು, ತಲೆಸುತ್ತು, ತಲೆನೋವು. ಹಿಂದಿನ ದವಡೆ ಹಲ್ಲುಗಳು ಬಿದ್ದುಹೋದಾಗ ಬಾಯಿ ಅತಿಯಾಗಿ ಮುಚ್ಚಿಕೊಂಡು, ದವಡೆಯ ತುದಿ ಹಿಂದಕ್ಕೆ ಸರಿದು ಕಿವಿಯ ಹತ್ತಿರದ ನರವನ್ನೂ ನಾಳವನ್ನೂ ಒತ್ತುತ್ತದೆ, ಆದ್ದರಿಂದ ಈ ಲಕ್ಷಣಗಳೆಲ್ಲ ಬರುತ್ತವೆ ಎಂದು ಕಾಸ್ಟೆನ್ ವಾದಿಸಿದ. ಹಲ್ಲು ಕಟ್ಟಿಸಿ ಬಾಯಿಯ ಎತ್ತರ ಹೆಚ್ಚಿಸಿದರೆ ವಾಸಿ ಎಂಬುದು ಅವನ ಪರಿಹಾರ. ‘ಕಾಸ್ಟೆನ್ ಸಿಂಡ್ರೋಮ್’ ಎಂಬ ಹೆಸರು ದಶಕಗಳ ಕಾಲ ಪುಸ್ತಕಗಳಲ್ಲಿ ಉಳಿಯಿತು.

ಕಾಸ್ಟೆನ್ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದ್ದು ದೊಡ್ಡದು. ಕಿವಿಯ ಲಕ್ಷಣಗಳಿಗೂ ದವಡೆಗೂ ನಂಟಿದೆ ಎಂದು ಅವನು ಕಂಡದ್ದು ಇವತ್ತಿಗೂ ನಿಜ. ಆದರೆ ಅವನ ವಿವರಣೆ ನಿಲ್ಲಲಿಲ್ಲ. ವಿಯೆನ್ನಾದಿಂದ ಶಿಕಾಗೋಗೆ ಬಂದಿದ್ದ ಅಂಗರಚನಾ ತಜ್ಞ ಹ್ಯಾರಿ ಸಿಕರ್ 1948ರಲ್ಲಿ ಮೂಳೆಗಳ ನಡುವಿನ ಜಾಗವನ್ನು ವಿವರವಾಗಿ ತೋರಿಸಿ, ದವಡೆಯ ತುದಿ ಆ ನರವನ್ನಾಗಲಿ ನಾಳವನ್ನಾಗಲಿ ಹಾಗೆ ಒತ್ತಲು ಸಾಧ್ಯವಿಲ್ಲ ಎಂದು ಹೇಳಿದ. ವಿವರಣೆ ಬಿದ್ದುಹೋಯಿತು, ಚಿಕಿತ್ಸೆ ಮಾತ್ರ ಬೀಳಲಿಲ್ಲ. ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡದಿರುವುದೇ ಎಲ್ಲಕ್ಕೂ ಮೂಲ ಎಂದು ಹಲ್ಲಿನ ವೈದ್ಯರ ಒಂದು ದೊಡ್ಡ ಪಂಗಡ ನಂಬಿತ್ತು. ದವಡೆಯ ಚಲನೆಯನ್ನು ಉಪಕರಣಗಳಲ್ಲಿ ಅಳೆದು, ಹಲ್ಲಿನ ಮೇಲ್ಮೈಯನ್ನು ಅಲ್ಲಲ್ಲಿ ಉಜ್ಜಿ ಸಮ ಮಾಡಿ, ಕೆಲವೊಮ್ಮೆ ಬಾಯಿತುಂಬ ಕ್ಯಾಪ್ ಕೂರಿಸಿ ನೋವು ಹೋಗಿಸುವ ಪ್ರಯತ್ನ ನಡೆಯಿತು. ಉಜ್ಜಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಾಸ್ಲೊ ಶ್ವಾರ್ಟ್ಸ್ ನಡೆಸುತ್ತಿದ್ದ ದವಡೆ ಕೀಲಿನ ಚಿಕಿತ್ಸಾಲಯದಲ್ಲಿ ನೋಟ ಬದಲಾಯಿತು. ಬಂದ ರೋಗಿಗಳಲ್ಲಿ ಬಹುಪಾಲು ಮಂದಿಗೆ ನೋವಿದ್ದದ್ದು ಕೀಲಿನ ಒಳಗಲ್ಲ, ದವಡೆಯನ್ನು ಎತ್ತಿ ಹಿಡಿಯುವ ಸ್ನಾಯುಗಳಲ್ಲಿ ಎಂದು ಅವನು ಗುರುತಿಸಿದ. ಅದನ್ನು ಇನ್ನೂ ಮುಂದಕ್ಕೆ ಒಯ್ದವನು ಇಲಿನಾಯ್ ವಿಶ್ವವಿದ್ಯಾಲಯದ ಡೇನಿಯಲ್ ಲಾಸ್ಕಿನ್. ಮನಸ್ಸಿನ ಒತ್ತಡದಿಂದ ಹಲ್ಲು ಬಿಗಿಹಿಡಿಯುವುದು, ಅದರಿಂದ ಸ್ನಾಯು ದಣಿಯುವುದು, ದಣಿವಿನಿಂದ ಸ್ನಾಯು ಸೆಟೆದು ನೋಯುವುದು, ಹೀಗೊಂದು ಸರಪಳಿಯನ್ನು ಅವನು 1969ರಲ್ಲಿ ಮುಂದಿಟ್ಟ.

ಲಾಸ್ಕಿನ್ ಬಳಗದ ಒಂದು ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಯೋಗ ಇದು. ದವಡೆ ನೋವಿನ 25 ರೋಗಿಗಳಿಗೆ ಹಲ್ಲು ಉಜ್ಜಿ ಸಮ ಮಾಡುತ್ತೇವೆಂದು ಹೇಳಿ, ಉಜ್ಜಿದ ಹಾಗೆ ನಟಿಸಿದರು. ಉಪಕರಣ ಬಾಯಿಗೆ ಹೋಯಿತು, ಸದ್ದಾಯಿತು, ಹಲ್ಲುಗಳು ಕೂಡುವ ಜಾಗ ಮಾತ್ರ ಇದ್ದ ಹಾಗೇ ಇತ್ತು. 16 ಮಂದಿಯ ನೋವು ಪೂರ್ತಿ ಅಥವಾ ಬಹುತೇಕ ಹೋಯಿತು. 1976ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ‘ನೋವು ಸುಳ್ಳು’ ಎಂದಲ್ಲ. ಹಾಗೆ ಓದಿದವರು ರೋಗಿಗಳಿಗೆ ಅನ್ಯಾಯ ಮಾಡಿದರು. ನೋವು ನಿಜವೇ ಇತ್ತು. ಅದು ಕಮ್ಮಿಯಾಗಲು ಹಲ್ಲು ಕೊರೆಯುವ ಅಗತ್ಯ ಮಾತ್ರ ಇರಲಿಲ್ಲ. ಈ ನೋವುಗಳಲ್ಲಿ ಬಹಳಷ್ಟು ಕಾಲ ಕಳೆದಂತೆ, ಧೈರ್ಯ ಸಿಕ್ಕಂತೆ ತಾವಾಗಿ ಇಳಿಯುತ್ತವೆ. ಆದ್ದರಿಂದ ಯಾವ ಚಿಕಿತ್ಸೆ ಕೊಟ್ಟರೂ ಅದೇ ಗೆದ್ದಂತೆ ಕಾಣುತ್ತದೆ. ತಲೆಮಾರುಗಟ್ಟಲೆ ವೈದ್ಯರು ತಮ್ಮ ತಮ್ಮ ವಿಧಾನವನ್ನು ಅಷ್ಟು ಗಟ್ಟಿಯಾಗಿ ನಂಬಿದ್ದೇಕೆ ಎಂಬುದಕ್ಕೆ ಉತ್ತರವೂ ಇದರಲ್ಲಿದೆ.

ನಮ್ಮ ಕಡೆಯ ಬಾಯಿಗಳು

ಅಮೆರಿಕದವರು ಹಲ್ಲೋ ಸ್ನಾಯುವೋ ಎಂದು ವಾದ ಮಾಡುತ್ತಿದ್ದ ಅದೇ ವರ್ಷಗಳಲ್ಲಿ, ಬಾಯಿ ತೆರೆಯಲಾಗದ ಇನ್ನೊಂದು ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂತು. 1952ರಲ್ಲಿ ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ವಿವರಿಸಿದವನ ಹೆಸರೂ ಶ್ವಾರ್ಟ್ಸ್, ಆದರೆ ಮೇಲೆ ಹೇಳಿದವನಲ್ಲ. 1953ರಲ್ಲಿ ಮುಂಬೈನ ಎಸ್. ಜಿ. ಜೋಶಿ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರಿಟ್ಟರು. ಅಡಿಕೆ ಅಗಿಯುವುದರಿಂದ ಬರುವ ಕಾಯಿಲೆ ಇದು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಮೈ ಬಿಳಿಚಿಕೊಂಡು, ಬೆರಳಿಗೆ ಪಟ್ಟಿ ಪಟ್ಟಿಯಾಗಿ ಸಿಗುವಷ್ಟು ಗಟ್ಟಿಯಾಗುತ್ತದೆ. ಬಾಯಿ ತಿಂಗಳು ತಿಂಗಳಿಗೆ ಕಿರಿದಾಗುತ್ತ ಹೋಗುತ್ತದೆ. ಇದರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಬರುತ್ತದೆ.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಎಷ್ಟೋ ಮನೆಗಳು ಅದರಿಂದಲೇ ನಡೆಯುತ್ತವೆ. ಅದನ್ನು ಮರೆತು ಮಾತಾಡುವುದು ಸುಲಭ, ಸರಿಯಲ್ಲ. ಆದರೂ ಇದನ್ನು ಹೇಳಲೇಬೇಕು: ಇಲ್ಲಿ ‘ಬಾಯಿ ತೆರೆಯೋಕಾಗ್ತಿಲ್ಲ’ ಎಂದು ಬಂದವರ ಕೀಲನ್ನು ಮುಟ್ಟುವ ಮೊದಲು ಕೆನ್ನೆಯ ಒಳಭಾಗವನ್ನು ನೋಡಬೇಕು. ಅಮೆರಿಕದ ಪಠ್ಯಪುಸ್ತಕ ಮೊದಲ ಪುಟದಲ್ಲಿ ಹೇಳದ ಪರೀಕ್ಷೆ ಇದು. ದವಡೆ ಕೀಲಿನ ತೊಂದರೆಯಲ್ಲಿ ಅಗಿದಾಗ, ಆಕಳಿಸಿದಾಗ ಕಿವಿಯ ಮುಂದೆ ನೋವಿರುತ್ತದೆ. ಅಡಿಕೆಯ ಕಾಯಿಲೆಯಲ್ಲಿ ಕೀಲು ಸುಮ್ಮನಿರುತ್ತದೆ, ಕೆನ್ನೆ ಹಿಗ್ಗುವುದಿಲ್ಲ. ಗುಟ್ಕಾ, ಪಾನ್ ಮಸಾಲೆ ಹಾಕುವ ಹುಡುಗರಲ್ಲಿ ನೋವಿಲ್ಲದೆ ಬಾಯಿ ಕಿರಿದಾಗುತ್ತಿದ್ದರೆ ದವಡೆಯ ವ್ಯಾಯಾಮ ಹೇಳಿ ಕಳಿಸಿ ಕೂರುವಂತಿಲ್ಲ.

ಮಕ್ಕಳ ಮಾತು ಬೇರೆ. ಮೆಟ್ಟಿಲಿಂದಲೋ ಮರದಿಂದಲೋ ಬಿದ್ದು ಗದ್ದಕ್ಕೆ ಪೆಟ್ಟಾದಾಗ ಎಲ್ಲರೂ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸುತ್ತಾರೆ. ಆ ಪೆಟ್ಟಿನ ರಭಸ ನೇರ ಕಿವಿಯ ಮುಂದಿನ ಕೀಲಿಗೆ ಹೋಗಿ ಅಲ್ಲಿ ಮೂಳೆ ಮುರಿದಿರಬಹುದು ಎಂಬುದು ಹೊಳೆಯುವುದಿಲ್ಲ. ಒಳಗೆ ಕಟ್ಟಿದ ರಕ್ತ ನಿಧಾನವಾಗಿ ಮೂಳೆಯಾಗಿ ಕೀಲು ಬೆಸೆದುಕೊಳ್ಳುತ್ತದೆ. ಕಿವಿ ಸೋರುವ ಸೋಂಕು ಕೀಲಿಗೆ ಹಬ್ಬಿದರೂ ಹೀಗಾಗುತ್ತದೆ. ಬೆಳೆಯುವ ಮಗುವಿನಲ್ಲಿ ಕೀಲು ಬೆಸೆದರೆ ಕೆಳದವಡೆ ಬೆಳೆಯುವುದಿಲ್ಲ. ಗದ್ದ ಒಳಕ್ಕೆ ಹೋಗುತ್ತದೆ, ಮುಖ ಒಂದು ಕಡೆಗೆ ವಾಲುತ್ತದೆ, ಮಲಗಿದಾಗ ಉಸಿರು ಕಟ್ಟುತ್ತದೆ. ಭಾರತದ ಶಸ್ತ್ರವೈದ್ಯರಿಗೆ ಇದರಲ್ಲಿ ಬಹಳ ಅನುಭವವಿದೆ; ಬೆಸೆದ ಮೂಳೆಯನ್ನು ಕತ್ತರಿಸಿ ನಡುವೆ ಕಣತಲೆಯ ಸ್ನಾಯುವಿನ ಪದರ ಇಡುವ ಶಸ್ತ್ರಚಿಕಿತ್ಸೆ ಎಷ್ಟೋ ಮಕ್ಕಳಿಗೆ ಊಟವನ್ನೂ ನಿದ್ದೆಯನ್ನೂ ಮರಳಿ ಕೊಟ್ಟಿದೆ. ದವಡೆ ಕೀಲಿಗೆ ಕತ್ತರಿ ಹಾಕುವುದೇ ಸಲ್ಲದು ಎಂಬುದು ನನ್ನ ಮಾತಲ್ಲ. ಅದು ನಿಜವಾಗಿ ಬೇಕಾದ ಜಾಗ ಇದು.

ಬಿಲ್ಲೆಯ ಬೆನ್ನು ಹತ್ತಿದವರು

1970ರ ದಶಕದಲ್ಲಿ ಅಮೆರಿಕದ ವಿಲಿಯಂ ಫರಾರ್ ಮುಂತಾದವರು ಕಟಕ್ ಸದ್ದಿಗೂ ಬಿಲ್ಲೆಯ ಜಾರುವಿಕೆಗೂ ಇರುವ ಸಂಬಂಧವನ್ನು ವಿವರಿಸಿದರು. ಡೆನ್ಮಾರ್ಕಿನ ನೋರ್‌ಗೋರ್ 1940ರ ದಶಕದಲ್ಲೇ ಕೀಲಿನೊಳಗೆ ದ್ರವ ಹಾಕಿ ಎಕ್ಸ್‌ರೇ ತೆಗೆಯುವ ವಿಧಾನ ತೋರಿಸಿದ್ದ. 1978ರಲ್ಲಿ ಮಿನಿಯಾಪೊಲಿಸ್‌ನ ಕ್ಲೈಡ್ ವಿಲ್ಕ್ಸ್ ಅದನ್ನು ಬಳಸಿ ಜಾರಿದ ಬಿಲ್ಲೆಯನ್ನು ಚಿತ್ರದಲ್ಲಿ ತೋರಿಸಿದ. ಜಪಾನಿನ ಓನಿಶಿ 1975ರಲ್ಲಿ ಈ ಪುಟ್ಟ ಕೀಲಿನೊಳಗೆ ದರ್ಶಕ ನಳಿಕೆಯನ್ನೇ ಇಳಿಸಿದ. 1980ರ ದಶಕದ ನಡುವೆ ಎಂಆರ್‌ಐ ಬಂದ ಮೇಲೆ ಬಿಲ್ಲೆ ಎಲ್ಲರಿಗೂ ಕಾಣತೊಡಗಿತು.

ಕಂಡದ್ದೇ ಕಾರಣವಾಯಿತು. ಜಾರಿದ ಬಿಲ್ಲೆಯನ್ನು ಹಿಂದಕ್ಕೆ ಕಟ್ಟುವ, ಕಟ್ಟಲಾಗದಿದ್ದರೆ ತೆಗೆದುಹಾಕುವ ಶಸ್ತ್ರಚಿಕಿತ್ಸೆಗಳು ಹೆಚ್ಚಿದವು. ತೆಗೆದ ಬಿಲ್ಲೆಯ ಜಾಗಕ್ಕೆ ಏನಾದರೂ ಬೇಕಲ್ಲ? ಟೆಕ್ಸಾಸ್‌ನ ಹ್ಯೂಸ್ಟನ್ನಿನ ವಿಟೆಕ್ ಕಂಪನಿ ಟೆಫ್ಲಾನ್ ಮತ್ತು ಪ್ರೊಪ್ಲಾಸ್ಟ್ ಎಂಬ ವಸ್ತುವಿನ ತೆಳು ಹಾಳೆಯನ್ನು ತಂದಿತು. ಹಿಂದೆ ಮಾರುಕಟ್ಟೆಯಲ್ಲಿದ್ದ ಬೇರೊಂದು ವಸ್ತುವಿಗೆ ಸಮಾನ ಎಂಬ ಆಧಾರದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1983ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಮನುಷ್ಯರ ದವಡೆಯಲ್ಲಿ ವರ್ಷಗಟ್ಟಲೆ ಇಟ್ಟು ನೋಡಿದ ಪರೀಕ್ಷೆ ಅದಕ್ಕೆ ಬೇಕಾಗಲಿಲ್ಲ.

ದವಡೆ ದಿನವಿಡೀ ಕೆಲಸ ಮಾಡುವ ಕೀಲು. ಅಗಿತದ ಒತ್ತಡಕ್ಕೆ ಆ ಹಾಳೆ ಸವೆದು, ಹರಿದು, ಪುಡಿಯಾಯಿತು. ಆ ಪುಡಿಯನ್ನು ತೊಲಗಿಸಲು ದೇಹ ಕಳಿಸಿದ ಜೀವಕೋಶಗಳು ಸುತ್ತಲಿನ ಮೂಳೆಯನ್ನೇ ತಿಂದವು. ಕೆಲವರಲ್ಲಿ ದವಡೆಯ ತುದಿ ಕರಗಿತು, ಕೆಲವರಲ್ಲಿ ಮೇಲಿನ ಬುರುಡೆಯ ತೆಳು ಮೂಳೆ ಸವೆದು ಮೆದುಳಿನ ಕಡೆಗೆ ತೂತಾಯಿತು. ಸಾವಿರಾರು ಮಂದಿಗೆ ಅದನ್ನು ಹಾಕಿಯಾಗಿತ್ತು, ಅವರಲ್ಲಿ ಹೆಚ್ಚಿನವರು ಮಹಿಳೆಯರು. 1990ರಲ್ಲಿ ಕಂಪನಿ ದಿವಾಳಿಯಾಯಿತು. ಅದೇ ವರ್ಷದ ಕೊನೆಗೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು, ಆಮೇಲೆ ಸಾಧನವನ್ನು ಹಿಂತೆಗೆಸಿತು. ಹಾಕಿಸಿಕೊಂಡವರು ಅದನ್ನು ತೆಗೆಸಲು ಮತ್ತೆ, ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಹಳ ಮಂದಿಯ ನೋವು ಮೊದಲಿಗಿಂತ ಕಠಿಣವಾಗಿ ಉಳಿಯಿತು. ಆ ನೊಂದವರಲ್ಲಿ ಒಬ್ಬರಾದ ಟೆರಿ ಕೌಲಿ ಮಿಲ್ವಾಕಿಯಲ್ಲಿ ಇತರರೊಡನೆ ಸೇರಿ ಕಟ್ಟಿದ ರೋಗಿಗಳ ಸಂಘ ಹಟ ಬಿಡದೆ ದನಿ ಎತ್ತಿತು, 1992ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆಯನ್ನೂ ನಡೆಸಿತು.

ಇದೆಲ್ಲ ಆದ ಮೇಲೆ ಮನಸ್ಸಿಗೆ ಇನ್ನಷ್ಟು ನೋವು ಕೊಡುವ ಸಂಗತಿ ಒಂದಿದೆ. ಯಾವ ನೋವೂ ಇಲ್ಲದ ಆರೋಗ್ಯವಂತರ ದವಡೆಗಳ ಎಂಆರ್‌ಐ ತೆಗೆದು ನೋಡಿದಾಗ, ಸುಮಾರು ಮೂರರಲ್ಲಿ ಒಬ್ಬರಲ್ಲಿ ಬಿಲ್ಲೆ ಜಾರಿಯೇ ಇತ್ತು. ಜಾರಿದ ಬಿಲ್ಲೆ ಬಹಳ ಜನರಲ್ಲಿ ಬದುಕಿನುದ್ದಕ್ಕೂ ಏನೂ ಮಾಡದೆ ಇದ್ದುಬಿಡುತ್ತದೆ. ನೋವಿಲ್ಲದ, ಬಾಯಿ ಸಲೀಸಾಗಿ ತೆರೆಯುವ ದವಡೆಯ ಬರೀ ಕಟಕ್ ಸದ್ದಿಗೆ ಇವತ್ತು ಚಿಕಿತ್ಸೆ ಬೇಕಿಲ್ಲ ಎನ್ನುವುದು ಇದೇ ಕಾರಣಕ್ಕೆ. 1991ರಲ್ಲಿ ಇಸ್ರೇಲಿನ ದೋರಿತ್ ನಿಟ್ಜಾನ್ ಮತ್ತು ಸಂಗಡಿಗರು ಬಿಗಿದುಕೊಂಡ ಕೀಲನ್ನು ಎರಡು ಸೂಜಿಗಳಿಂದ ತೊಳೆದರೆ ಸಾಕು, ಬಿಲ್ಲೆಯನ್ನು ಮುಟ್ಟದೆಯೇ ಬಾಯಿ ತೆರೆಯುತ್ತದೆ ಎಂದು ತೋರಿಸಿದರು. ಬಿಲ್ಲೆ ಇದ್ದ ಜಾಗದಲ್ಲೇ ಇತ್ತು, ಬಾಯಿ ತೆರೆಯಿತು.

ನೋವಿರುವ ಮನುಷ್ಯನ ಕಡೆಗೆ

1992ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಡ್ವಾರ್ಕಿನ್ ಮತ್ತು ಲಿಂಡಾ ಲೆರೆಶ್ ರೋಗ ಗುರುತಿಸುವ ಒಂದು ಕ್ರಮ ರೂಪಿಸಿದರು. ಅದುವರೆಗೆ ಒಬ್ಬ ವೈದ್ಯ ಇಟ್ಟ ಹೆಸರಿಗೂ ಪಕ್ಕದ ಊರಿನ ವೈದ್ಯ ಇಟ್ಟ ಹೆಸರಿಗೂ ತಾಳೆಯಿರಲಿಲ್ಲ. ಈ ಕ್ರಮದಲ್ಲಿ ಎರಡು ಭಾಗ. ಒಂದರಲ್ಲಿ ದೇಹದ ಪರೀಕ್ಷೆ: ಸ್ನಾಯು ನೋವೇ, ಬಿಲ್ಲೆಯೇ, ಕೀಲಿನ ಸವೆತವೇ. ಇನ್ನೊಂದರಲ್ಲಿ ನೋವಿನಿಂದ ಕೆಲಸ ಎಷ್ಟು ಕೆಟ್ಟಿದೆ, ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ. ಎರಡಕ್ಕೂ ಸಮಾನ ಸ್ಥಾನ ಕೊಟ್ಟದ್ದು ಇದರ ಹೆಚ್ಚುಗಾರಿಕೆ. 2014ರಲ್ಲಿ ಇದರ ಪರಿಷ್ಕೃತ ರೂಪ ಬಂತು. ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವುದು ಅದೇ. ಅದರಲ್ಲಿ ನನಗೆ ಮೆಚ್ಚಿಗೆಯಾದ ನಿಯಮ ಒಂದು: ವೈದ್ಯರು ಸ್ನಾಯು ಒತ್ತಿದಾಗ ನೋವಾದರೆ ಸಾಲದು, ‘ನೀವು ಹೇಳುತ್ತಿದ್ದ ನೋವು ಇದೇನಾ?’ ಎಂದು ಕೇಳಬೇಕು. ರೋಗಿ ಹೌದೆಂದರಷ್ಟೇ ಅದು ಲೆಕ್ಕಕ್ಕೆ.

ಕಾರಣದ ಪ್ರಶ್ನೆಗೆ ಇದುವರೆಗಿನ ಅತಿ ದೊಡ್ಡ ಉತ್ತರ ಬಂದದ್ದು ಅಮೆರಿಕದ ಒಪ್ಪೆರಾ ಅಧ್ಯಯನದಿಂದ. ದವಡೆ ನೋವಿಲ್ಲದ, 18ರಿಂದ 44 ವರ್ಷದೊಳಗಿನ ಸುಮಾರು 3,200 ಮಂದಿಯನ್ನು ನಾಲ್ಕು ಊರುಗಳಲ್ಲಿ ಸೇರಿಸಿಕೊಂಡು, ಯಾರಿಗೆ ಹೊಸದಾಗಿ ನೋವು ಬರುತ್ತದೆ ಎಂದು ವರ್ಷಗಟ್ಟಲೆ ಕಾದು ನೋಡಿದರು. ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ಬಂತು. ಅವರನ್ನು ಉಳಿದವರಿಂದ ಬೇರೆ ಮಾಡಿದ್ದು ಹಲ್ಲಿನ ಜೋಡಣೆಯಲ್ಲ. ಬೆನ್ನುನೋವು, ತಲೆನೋವು, ಹೊಟ್ಟೆಯ ತೊಂದರೆ ಹೀಗೆ ಬೇರೆ ನೋವುಗಳಿದ್ದವರಿಗೆ, ನಿದ್ದೆ ಕೆಡುತ್ತ ಬಂದವರಿಗೆ, ಹಲ್ಲು ಬಿಗಿಹಿಡಿಯುವ ಅಭ್ಯಾಸ ಹೆಚ್ಚಿದ್ದವರಿಗೆ, ಒತ್ತಡದಲ್ಲಿದ್ದವರಿಗೆ ಅಪಾಯ ಹೆಚ್ಚಿತ್ತು. ದವಡೆಯ ನೋವು ಎಷ್ಟೋ ಸಲ ಬರೀ ದವಡೆಯದ್ದಲ್ಲ. ನೋವನ್ನು ಗ್ರಹಿಸುವ ನರವ್ಯವಸ್ಥೆಯೇ ಸೂಕ್ಷ್ಮವಾಗಿರುತ್ತದೆ.

ಇದೇ ಅಧ್ಯಯನದ ಇನ್ನೊಂದು ಮಾತು. ಚಿಕಿತ್ಸೆಗೆ ಬರುವವರಲ್ಲಿ ಮಹಿಳೆಯರ ಸಂಖ್ಯೆ ಪುರುಷರಿಗಿಂತ ಬಹಳ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊಸದಾಗಿ ನೋವು ಶುರುವಾಗುವುದರಲ್ಲಿ ಇಬ್ಬರ ನಡುವೆ ಅಷ್ಟು ಅಂತರ ಕಾಣಲಿಲ್ಲ. ಅಂತರವಿರುವುದು ಅದು ಹೋಗದೆ ಉಳಿಯುವುದರಲ್ಲಿ. ಹಾರ್ಮೋನು, ನಿದ್ದೆ, ಆರೈಕೆ ಸಿಗುವ ರೀತಿ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಮನೆಯವರೆಲ್ಲರ ಊಟವಾದ ಮೇಲೆ ತಾವು ಉಣ್ಣುವ, ನೋವನ್ನು ಕಡೆಗೆ ಹೇಳುವ ಹೆಣ್ಣುಮಕ್ಕಳನ್ನು ಕಂಡ ನಮಗೆ ಇದರಲ್ಲಿ ಯೋಚಿಸಲು ಬಹಳವಿದೆ.

ಹಲ್ಲು ಕಡಿಯುವುದರ ಬಗೆಗಿನ ತಿಳಿವಳಿಕೆಯೂ ಬದಲಾಗಿದೆ. ನಿದ್ದೆಯಲ್ಲಿ ಹಲ್ಲು ಮಸೆಯುವುದು ಒಂದು, ಎಚ್ಚರದಲ್ಲಿ ಗೊತ್ತಿಲ್ಲದೆ ಬಿಗಿಹಿಡಿಯುವುದು ಇನ್ನೊಂದು. ಕಂಪ್ಯೂಟರ್ ಮುಂದೆ, ಗಾಡಿ ಓಡಿಸುವಾಗ, ಭಾರ ಎತ್ತುವಾಗ ಹಲ್ಲುಗಳು ಒತ್ತಿಕೊಂಡಿರುತ್ತವೆ. ಆರೋಗ್ಯವಂತರಲ್ಲಿ ಇವನ್ನು ರೋಗವೆನ್ನದೆ ಅಭ್ಯಾಸವೆಂದೇ ನೋಡಬೇಕೆಂಬುದು 2018ರಲ್ಲಿ ತಜ್ಞರು ಬಂದು ನಿಂತ ಒಮ್ಮತ. ಸುಮ್ಮನಿರುವಾಗ ಮೇಲಿನ-ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹಗುರವಾಗಿ ಕೂತಿರಲಿ.

2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಈ ತೊಂದರೆಯ ಬಗ್ಗೆ ದೊಡ್ಡ ವರದಿ ತಂದವು. ರೋಗಿಗಳ ಮಾತು ಕೇಳಿಯೇ ಅದನ್ನು ಬರೆದರು. ಇದನ್ನು ಹಲ್ಲಿನ ಸಮಸ್ಯೆ ಎಂದು ಮೂಲೆಗೆ ಸರಿಸಬಾರದು, ವೈದ್ಯರೂ ದಂತವೈದ್ಯರೂ ಕೂಡಿ ನೋಡಬೇಕು ಎಂಬುದು ಅದರ ಒತ್ತಾಯ. ಅದೇ ವರ್ಷ ಅಲ್ಲಿ ಬಾಯಿ-ಮುಖದ ನೋವು ದಂತವೈದ್ಯದ ಪ್ರತ್ಯೇಕ ತಜ್ಞ ವಿಭಾಗವೆಂದು ಮಾನ್ಯತೆ ಪಡೆಯಿತು. 2023ರ ಕೊನೆಗೆ ಬ್ರಿಟನ್ನಿನ ಬಿಎಂಜೆ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ಮೂರು ತಿಂಗಳು ದಾಟಿದ ನೋವಿಗೆ ಯಾವುದು ಹಿತ ಎಂದು ತೂಗಿ ನೋಡಿತು. ಮುಂದೆ ಬಂದದ್ದು ಯಂತ್ರವೂ ಅಲ್ಲ, ಕತ್ತರಿಯೂ ಅಲ್ಲ: ಯೋಚನೆ-ನಡವಳಿಕೆ ತಿದ್ದುವ ಮನೋಚಿಕಿತ್ಸೆ, ತರಬೇತಾದವರ ಕೈಯಿಂದ ದವಡೆಯ ಅಂಗಮರ್ದನ ಮತ್ತು ಚಲನೆ, ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ-ಕತ್ತಿನ ವ್ಯಾಯಾಮ, ಮನೆಯಲ್ಲೇ ಮಾಡುವ ಆರೈಕೆ. ಹಲ್ಲಿನ ಕೂಡಿಕೆಯನ್ನೇ ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್ (ಹಲ್ಲಿಗೆ ತೊಡಿಸುವ ಅಚ್ಚು), ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆಂದು ಅದು ಖಡಾಖಂಡಿತವಾಗಿ ಹೇಳಿತು. ತೆಗೆದಿಡಬಹುದಾದ ಸ್ಪ್ಲಿಂಟ್, ಬೊಟಾಕ್ಸ್ ಚುಚ್ಚುಮದ್ದು, ಸೂಜಿಯಿಂದ ಕೀಲು ತೊಳೆಯುವುದು ಇವುಗಳ ವಿಷಯದಲ್ಲೂ ಅದರ ಒಲವು ಬೇಡ ಎಂಬ ಕಡೆಗೇ. ರಾತ್ರಿ ಹಾಕುವ ಗಾರ್ಡ್ ಸವೆಯುವ ಹಲ್ಲನ್ನು ಕಾಪಾಡುತ್ತದೆ, ಆ ಕೆಲಸಕ್ಕೆ ಅದು ಒಳ್ಳೆಯದೇ. ನೋವನ್ನೇ ಗುಣಪಡಿಸುತ್ತದೆ ಎಂದು ಮಾರುವುದು ಮಾತ್ರ ಸರಿಯಲ್ಲ.

ಹಾಗಾದರೆ ಇವತ್ತು ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ದವಡೆ ನೋವಿರುವವರು ಏನು ಮಾಡಬೇಕು? ಕೆಲವು ವಾರ ಕಬ್ಬು, ಚಕ್ಕುಲಿ, ಹುರಿಗಡಲೆ, ಕಟಕಲು ರೊಟ್ಟಿ ಬಿಟ್ಟು ಮುದ್ದೆ, ಇಡ್ಲಿ, ಮೊಸರನ್ನ ತಿನ್ನಬೇಕು. ದಿನಕ್ಕೆ ಎರಡು-ಮೂರು ಸಲ ಬಿಸಿನೀರಿನ ಬಟ್ಟೆಯಿಂದ ಕೆನ್ನೆಗೆ ಶಾಖ ಕೊಡಬೇಕು. ಆಕಳಿಕೆ ಬಂದಾಗ ಗದ್ದದ ಕೆಳಗೆ ಕೈ ಹಿಡಿಯಬೇಕು. ನೋವಿಗೆ ಹೆದರಿ ಬಾಯಿ ಅಲ್ಲಾಡಿಸದೇ ಇದ್ದುಬಿಡಬಾರದು. ನೋಯದಷ್ಟು ದೂರಕ್ಕೆ ಮೆಲ್ಲಗೆ ತೆರೆದು ಮುಚ್ಚುತ್ತಿರಬೇಕು. ಬಹುಪಾಲು ಮಂದಿಗೆ ಇಷ್ಟರಲ್ಲೇ ನೋವು ಇಳಿಯುತ್ತದೆ.

ಕೆಲವು ದವಡೆ ನೋವುಗಳು ಕೀಲಿನವಲ್ಲ, ಅವು ಕಾಯುವುದೂ ಇಲ್ಲ. ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದು ಬೆವರಿದರೆ, ಎದೆ ಬಿಗಿದರೆ ಅದು ಹೃದಯದ್ದಾಗಿರಬಹುದು. ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. 50 ದಾಟಿದವರಿಗೆ ಅಗಿಯುತ್ತ ಅಗಿಯುತ್ತ ದವಡೆ ಸೋತು, ಕಣತಲೆಯಲ್ಲಿ ಹೊಸ ತಲೆನೋವು ಬಂದು, ದೃಷ್ಟಿ ಮಸುಕಾದರೆ ರಕ್ತನಾಳದ ಉರಿಯೂತವಿರಬಹುದು, ತಡಮಾಡಿದರೆ ಕಣ್ಣು ಹೋಗುತ್ತದೆ. ಗಾಯವಾದ ಕೆಲ ದಿನಗಳಲ್ಲಿ ದವಡೆ ಬಿಗಿದುಕೊಂಡರೆ ಧನುರ್ವಾಯುವಿನ ಯೋಚನೆ ಬರಬೇಕು. ಕರೆಂಟು ಹೊಡೆದಂತೆ ಕ್ಷಣಕಾಲ ಮಿಂಚುವ ನೋವು ಮುಖದ ನರದ ಕಾಯಿಲೆಯ ಗುರುತು. ಕೆನ್ನೆ ಮರಗಟ್ಟಿದರೆ, ಗಂಟು ಸಿಕ್ಕರೆ, ಬಾಯಿ ದಿನೇ ದಿನೇ ಕಿರಿದಾಗುತ್ತಿದ್ದರೆ ಮನೆ ಆರೈಕೆ ಸಾಕಾಗುವುದಿಲ್ಲ.

ದಂತವೈದ್ಯ ಕಾಲೇಜು ಹತ್ತಿರದಲ್ಲಿದ್ದರೆ ಅಲ್ಲಿ ಓರಲ್ ಮೆಡಿಸಿನ್ ವಿಭಾಗವನ್ನು ಕೇಳಿಕೊಂಡು ಹೋಗಿ. ದವಡೆ ಕೀಲನ್ನು ನೋಡುವವರು ಅಲ್ಲಿರುತ್ತಾರೆ. ದವಡೆ ನೋವಿಗೆಂದು ಹಲ್ಲು ಉಜ್ಜಿ ಸಮ ಮಾಡಲು, ಕ್ಯಾಪ್ ಹಾಕಲು, ಕ್ಲಿಪ್ ಹಾಕಲು ಯಾರಾದರೂ ಹೇಳಿದರೆ, ಅದು ಬೇಡವಾದಾಗ ಮೊದಲಿನಂತೆ ಮಾಡಲು ಆಗುತ್ತದೆಯೇ ಎಂದು ಕೇಳಿ, ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳುವುದನ್ನು ಮರೆಯಬೇಡಿ; ಎರಡು ತಿಂಗಳ ಬಳಿಕ ಮತ್ತೆ ಹೋದಾಗ ಗುಣವಾಗಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಆ ಅಳತೆ ಬೇಕಾಗುತ್ತದೆ.